ಕೋವಿ, ಚೀಟಿ, ರಸೀದಿ: ಹೊಲ ಕಾಯೋ ಬಂದೂಕಿನ ಹಳೇ ಕಥೆ



ಮೆಕ್ಕೆಜೋಳ ತೆನೆ ಕಟ್ಟಿ ಹಾಲು ತುಂಬೋ ಹೊತ್ತು ಇದು. ಗುಡ್ಡದ ಮಗ್ಗುಲಿಗೆ ಹೊಲ ಇರೋರಿಗೆ ರಾತ್ರಿ ನಿದ್ದೆ ಇಲ್ಲ. ತಟ್ಟೆ ಬಡೀತೀವಿ, ಪಟಾಕಿ ಹೊಡೀತೀವಿ, ಹಳೇ ಸೀರೆ ಕಟ್ಟಿ ಬೇಲಿ ಮಾಡ್ತೀವಿ. ಹಂದಿಗೆ ನಾಲ್ಕು ದಿನ ಹೆದರಿಕೆ, ಐದನೇ ದಿನ ಅದೂ ನಮ್ಮ ಮನೆಯೋರ ಥರ ಸೀದಾ ಬಂದು ಊಟಕ್ಕೆ ಕೂರ್ತದೆ. ಒಂದು ರಾತ್ರಿ ಹಿಂಡು ನುಗ್ಗಿದರೆ ಬೆಳಗ್ಗೆ ಅರ್ಧ ಎಕರೆ ಚಾಪೆ ಹಾಸಿದಂಗೆ ಮಲಗಿರ್ತದೆ.

ಈ ಸಲ ಬರೀತಿರೋದು ಹಂದಿ ಬಗ್ಗೆ ಅಲ್ಲ, ಕೋವಿ ಬಗ್ಗೆ. ಕಾರಣ ಹೋದ ವಾರ ನಡೆದ ಒಂದು ಸಂಗತಿ.

ಪಕ್ಕದೂರಿನ ಒಬ್ಬ ಹುಡುಗ, ಇಪ್ಪತ್ತೆರಡು ವಯಸ್ಸು. ಅಪ್ಪನ ಹೆಸರಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಐತೆ, ಕೇಪಿನ ಕೋವಿ. ಅಪ್ಪನಿಗೆ ಜ್ವರ ಬಂದು ಅಟ್ಟಣೆ ಮೇಲೇ ಮಲಗಿಬಿಟ್ಟರು. ಹುಡುಗ ಬೆಳಗಿನ ಜಾವ ಕೋವಿ ಹೆಗಲಿಗೆ ಹಾಕ್ಕೊಂಡು ಬೈಕಲ್ಲಿ ಮನೆಗೆ ಹೊರಟ. ರಸ್ತೆಯಲ್ಲಿ ಗಸ್ತಿನ ಪೊಲೀಸರು ಕೈ ತೋರಿಸಿದರು. ಹುಡುಗ ಹೆದರಿ ಬೈಕ್ ತಿರುಗಿಸಿ ಓಡಿಸಿದ. ಎರಡು ಕಿಲೋಮೀಟರ್ ಅಟ್ಟಿಸಿಕೊಂಡು ಹೋಗಿ ಹಿಡಿದರು. ಕೋವಿ ಹೋಯ್ತು, ಬೈಕೂ ಹೋಯ್ತು, ಮೇಲೆ ಒಂದು ಕೇಸು.

ಅವತ್ತು ರಾತ್ರಿ ಅವರಪ್ಪ ನಮ್ಮನೆ ಕಟ್ಟೆ ಮೇಲೆ ಕೂತು ಕೇಳಿದ್ದು ಒಂದೇ ಮಾತು. "ಅಣ್ಣಾ, ಲೈಸೆನ್ಸ್ ನಂದೈತೆ, ಕೋವಿ ನಂದೈತೆ, ಹೊಲ ನಂದೈತೆ. ಹಂಗಾರೆ ನನ್ ಮಗ ಕಳ್ಳ ಹೆಂಗಾದ?"

ನಾನು ವಕೀಲ ಅಲ್ಲ. ಆದರೆ ಈ ಪ್ರಶ್ನೆ ನಮ್ಮ ಮನೆಗೂ ಹಿಂದೆ ಬಂದಿತ್ತು. ಆವಾಗಿಂದ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡು ಬಂದಿದ್ದೀನಿ. ಉತ್ತರ ತಿಳೀಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಲೈಸೆನ್ಸ್ ಅನ್ನೋದು ಎಲ್ಲಿಂದ ಬಂತು

ಕೋವಿ ಇಟ್ಕೊಳ್ಳೋಕೆ ಸರ್ಕಾರದ ಚೀಟಿ ಬೇಕು ಅನ್ನೋದು ಬಂದೂಕಿನಷ್ಟು ಹಳೇದಲ್ಲ. ಪಾಳೇಗಾರರ ಕಾಲದಲ್ಲಿ ಊರೂರಲ್ಲಿ ಆಯುಧ ಇದ್ದವು. ನಮ್ಮ ಸೀಮೆ 1830-31ರ ನಗರ ದಂಗೆಯ ಬಿಸಿ ಕಂಡಿದ್ದು. ಕಂದಾಯದ ಗುತ್ತಿಗೆಯ ಕಾಟ ತಾಳಲಾರದೆ ರೈತರು ಎದ್ದರು, ಬೂದಿ ಬಸವಪ್ಪ ಮುಂದೆ ನಿಂತ. ಅದೇ ನೆಪ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನೇ ಕೈಗೆ ತಗೊಂಡರು. ಐವತ್ತು ವರ್ಷ, 1881ರವರೆಗೆ, ಕಮಿಷನರುಗಳೇ ಆಳಿದರು. ಕೈಯಲ್ಲಿ ಆಯುಧ ಇರೋ ರೈತ ಅಂದರೆ ಅವರಿಗೆ ಏನು ಅನಿಸಿರಬಹುದು ಅಂತ ಇದರಲ್ಲೇ ಗೊತ್ತಾಗ್ತದೆ.

1857ರ ದಂಗೆ ಆದ ಮೇಲೆ ನಿಶ್ಶಸ್ತ್ರೀಕರಣದ ಕಾಯ್ದೆ ಬಂತು. ಇದ್ದಬದ್ದ ಆಯುಧ ತಂದು ಒಪ್ಪಿಸಿ, ಪರವಾನಗಿ ಇಲ್ಲದೆ ಇಟ್ಕೊಬೇಡಿ ಅಂತ. ಇದಕ್ಕೆ ಎದುರು ನಿಂತೋರು ಮುಧೋಳ ಸೀಮೆಯ ಹಲಗಲಿಯ ಬೇಡರು. ಜಡಗ, ಬಾಲ, ಹನುಮ, ರಾಮ ಅನ್ನೋ ಹೆಸರು ಶಾಲೆಯಲ್ಲಿ ಲಾವಣಿ ಓದಿದೋರಿಗೆಲ್ಲ ನೆನಪಿರ್ತದೆ. ಬೇಟೆಯೇ ಬದುಕಾಗಿದ್ದ ಜನಕ್ಕೆ ಆಯುಧ ಕೊಡು ಅಂದರೆ ಅನ್ನದ ತಟ್ಟೆ ಕೊಡು ಅಂದಂಗೆ. ಕೊಡಲ್ಲ ಅಂದರು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರು ಸುಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನ ಮುಧೋಳದಲ್ಲಿ, ಹಲಗಲಿಯಲ್ಲಿ ಗಲ್ಲಿಗೆ ಹಾಕಿದರು. ಜಗಳೂರಿನ ನಾಯಕರ ಮನೆಗಳಲ್ಲಿ ಈ ಕಥೆ ಇವತ್ತಿಗೂ ತಮ್ಮ ಮನೆಯ ಕಥೆ ಥರಾನೇ ಹೇಳ್ತಾರೆ.

ಇದರ ಇನ್ನೊಂದು ಮುಖ ಕೊಡಗಿನಲ್ಲಿ. ಅಲ್ಲಿನ ಜನ 1857ರಲ್ಲಿ ತಮ್ಮ ಕಡೆ ಇದ್ದರು ಅಂತ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಈ ಕಾನೂನಿನಿಂದ ವಿನಾಯಿತಿ ಕೊಟ್ಟ. ಒಂದೇ ಕಾನೂನು, ಹಲಗಲಿಯಲ್ಲಿ ನೇಣು, ಕೊಡಗಿನಲ್ಲಿ ರಿಯಾಯಿತಿ. ಆ ವಿನಾಯಿತಿ ಇವತ್ತಿಗೂ ಐತೆ. ಕೊಡವರು, ಜಮ್ಮಾ ಹಿಡುವಳಿದಾರರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಕೋಬಹುದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ನಮ್ಮ ಹುಡುಗರು "ಕೊಡಗಲ್ಲಿ ಲೈಸೆನ್ಸೇ ಬೇಡ್ವಂತೆ" ಅಂತ ಮಾತಾಡೋದು ಇದನ್ನೇ. ಅದು ಆ ಜನಕ್ಕೆ ಮಾತ್ರ. ಹೊನ್ನಾಳಿಗೆ, ಚನ್ನಗಿರಿಗೆ ಅನ್ವಯಿಸಲ್ಲ.

1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದ ಆರ್ಮ್ಸ್ ಆಕ್ಟ್ ಬಂತು. ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯರಿಗೆ ಲೈಸೆನ್ಸ್. ಈ ತಾರತಮ್ಯ ಎಷ್ಟು ಚುಚ್ಚಿತ್ತು ಅಂದ್ರೆ, ಅಹಿಂಸೆಯ ಗಾಂಧೀಜಿ 1930ರಲ್ಲಿ ವೈಸರಾಯ್ ಮುಂದೆ ಇಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡಿ ಅನ್ನೋದೂ ಒಂದಾಗಿತ್ತು. ಉಪ್ಪಿನ ತೆರಿಗೆ, ಕಂದಾಯ ಇಳಿಸೋ ಮಾತಿನ ಜೊತೆಗೆ ಅದೂ ಇತ್ತು.

ಸ್ವಾತಂತ್ರ್ಯ ಬಂದ ಮೇಲೆ, 1948ರ ಡಿಸೆಂಬರಿನಲ್ಲಿ, ಸಂವಿಧಾನ ಸಭೆಯಲ್ಲಿ ಇದು ಮತ್ತೆ ಬಂತು. ಎಚ್.ವಿ. ಕಾಮತ್, ಮಂಗಳೂರಲ್ಲಿ ಹುಟ್ಟಿದೋರು, ಆಯುಧ ಹೊಂದೋ ಹಕ್ಕನ್ನ ಮೂಲಭೂತ ಹಕ್ಕಿಗೆ ಸೇರಿಸಿ ಅಂತ ತಿದ್ದುಪಡಿ ತಂದರು. ಅಂಬೇಡ್ಕರರು ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯ್ತು. ಅಮೆರಿಕದಲ್ಲಿ 1791ರಿಂದ ಇರೋ ಅಂಥ ಹಕ್ಕು ನಮ್ಮ ಸಂವಿಧಾನದಲ್ಲಿ ಇಲ್ಲದೇ ಇರೋದು ಹಿಂಗೆ. ಮೊಬೈಲಲ್ಲಿ ಅಮೆರಿಕದ ವಿಡಿಯೋ ನೋಡಿ "ಇದು ನನ್ನ ಹಕ್ಕು ಸಾರ್" ಅಂತ ಪೊಲೀಸರ ಎದುರು ಎದೆ ಸೆಟೆಸೋರು ಇದನ್ನ ನೆನಪಿಡಬೇಕು. ಇಲ್ಲಿ ಕೋವಿ ಇರೋದು ಲೈಸೆನ್ಸಿನ ಬಲದ ಮೇಲೆ.

ಹಂಗಂತ ರೈತನಿಗೆ ಏನೂ ಇಲ್ಲ ಅಂತಲ್ಲ. 1959ರಲ್ಲಿ ನಮ್ಮದೇ ಆರ್ಮ್ಸ್ ಆಕ್ಟ್ ಬಂತು, 1962ರ ಅಕ್ಟೋಬರಿಂದ ಜಾರಿ. ಅದರ 13ನೇ ಸೆಕ್ಷನ್ನಿನಲ್ಲಿ ನಮ್ಮನ್ನ ಮನಸ್ಸಲ್ಲಿಟ್ಕೊಂಡೇ ಬರೆದ ಮಾತು ಐತೆ. ನಿಜವಾದ ಬೆಳೆ ರಕ್ಷಣೆಗೆ, ನಳಿಗೆಯ ಬಾಯಿಂದ ಮದ್ದು ತುಂಬೋ ಕೋವಿಗೆ ಅರ್ಜಿ ಹಾಕಿದರೆ, ಅಡ್ಡಿ ಏನೂ ಇಲ್ಲದಿದ್ದಾಗ ಲೈಸೆನ್ಸ್ ಕೊಡತಕ್ಕದ್ದು. ಅದು ಸಾಲಲ್ಲ ಅಂತ ಅಧಿಕಾರಿಗೆ ಮನವರಿಕೆ ಆದರೆ ಬೇರೆ ಸಾದಾ ನಳಿಗೆಯ ಬಂದೂಕಿಗೂ ಕೊಡಬಹುದು. ಕೊಡಲ್ಲ ಅಂದರೆ ಕಾರಣ ಬರೆದಿಡಬೇಕು, ಸಾರ್ವಜನಿಕ ಹಿತಕ್ಕೆ ತೊಂದರೆ ಅಂತ ಕಂಡರೆ ಮಾತ್ರ ಆ ಕಾರಣ ನಮಗೆ ಕೊಡದೆ ಇರಬಹುದು. ಮೇಲ್ಮನವಿಗೂ ದಾರಿ ಐತೆ.

ನಮ್ಮ ಮನೆ ಕೋವಿ

ನಮ್ಮಜ್ಜ ಲೈಸೆನ್ಸ್ ಮಾಡಿಸಿದ್ದು 1964ರಲ್ಲಿ. ಪುಸ್ತಕದ ಮೇಲೆ "ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ, ಮೈಸೂರು ರಾಜ್ಯ" ಅಂತ ಇತ್ತು. ಅಜ್ಜ ತೀರಿಕೊಂಡ ಮೇಲೆ ಅಪ್ಪ ನಾಲ್ಕು ಸಲ ಶಿವಮೊಗ್ಗಕ್ಕೆ ಅಲೆದು ತನ್ನ ಹೆಸರಿಗೆ ಮಾಡಿಸಿಕೊಂಡರು. ಒಂಟಿ ನಳಿಗೆ, ಕೇಪಿನ ಕೋವಿ. ಮದ್ದು ಜಡಿದು, ಚರೆ ಹಾಕಿ, ಕೇಪು ಇಟ್ಟು ಈಡು ತೆಗೆಯೋ ಹೊತ್ತಿಗೆ ಹಂದಿ ಇನ್ನೊಬ್ಬರ ಹೊಲಕ್ಕೆ ಹೋಗಿರ್ತಿತ್ತು. ಆದರೂ ಅದರ ಸದ್ದಿಗೆ ಒಂದು ವಾರ ಈ ಕಡೆ ಸುಳೀತಿರಲಿಲ್ಲ.

1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಯ್ತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು. ಜಿಲ್ಲೆ ಬದಲಾದರೂ ನಮ್ಮ ಲೈಸೆನ್ಸ್ ಪುಸ್ತಕದಲ್ಲಿ ಶಿವಮೊಗ್ಗ ಅಂತಲೇ ಇತ್ತು, ನವೀಕರಣದ ವರ್ಷ ಬಂದಿರಲಿಲ್ಲ.

ಮರು ವರ್ಷ ನಾನು ಪಿಯುಸಿ. ಕೋವಿಯ ಕುದುರೆ ಸಡಿಲ ಆಗಿತ್ತು. ಅಪ್ಪನಿಗೆ ಗದ್ದೆ ನಾಟಿ. "ನೀನೇ ಶಿವಮೊಗ್ಗಕ್ಕೆ ತಗೊಂಡೋಗಿ ರಿಪೇರಿಗೆ ಕೊಟ್ಟು ಬಾರಪ್ಪ" ಅಂದರು. ಗೋಣಿಚೀಲದಲ್ಲಿ ಸುತ್ತಿ, ಕೇಪಿನ ಡಬ್ಬಿಯನ್ನೂ ಒಳಗಿಟ್ಟು, ಬಸ್ಸು ಹತ್ತಿದೆ. ದಾರಿಯಲ್ಲಿ ತಪಾಸಣೆ. ಪೊಲೀಸರು ಚೀಲ ಬಿಚ್ಚಿಸಿದರು. ಲೈಸೆನ್ಸ್ ಪುಸ್ತಕ ಕೊಟ್ಟೆ. ಹೆಸರು ಅಪ್ಪಂದು, ಜಿಲ್ಲೆ ಶಿವಮೊಗ್ಗ, ನಾನು ಹೊತ್ತಿರೋ ಊರು ದಾವಣಗೆರೆ ಜಿಲ್ಲೆ. ಬಸ್ಸಿನ ಜನ ಎಲ್ಲ ನನ್ನನ್ನೇ ನೋಡ್ತಿದ್ದರು. ಕೆಳಗೆ ಇಳಿಸಿಕೊಂಡರು, ಕೋವಿ ತಗೊಂಡರು, ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ನಾನು ಹೆಸರು, ಊರು ಸರಿಯಾಗಿ ಹೇಳಿದ್ದೆ, ಅಷ್ಟೇ ನನ್ನನ್ನ ಕಾಪಾಡಿದ್ದು.

ಮಾರನೇ ದಿನ ಅಪ್ಪ ಬಂದರು. ಅಲ್ಲಿದ್ದ ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಅಪ್ಪನಿಗೆ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿ ಐತೆ. "ಯಜಮಾನ್ರೇ, ರಿಪೇರಿಗೆ ಕಳಿಸ್ತಿದ್ದೀನಿ ಅಂತ ಒಂದು ಚೀಟಿ ಬರೆದು ಸೈನ್ ಹಾಕಿ ಹುಡುಗನ ಜೇಬಿಗೆ ಇಟ್ಟಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ."

ಅದು ಅವರು ದಯೆಯಿಂದ ಹೇಳಿದ ಬುದ್ಧಿಮಾತು ಅಂದ್ಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯ್ತು, ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಅದು ಐತೆ. ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಇಲ್ಲಾ ಲೈಸೆನ್ಸುದಾರನ ಬಳಕೆಗೆ, ಅವನ ಎದುರಲ್ಲಿ ಅಥವಾ ಅವನ ಲಿಖಿತ ಒಪ್ಪಿಗೆ ಇಟ್ಕೊಂಡು ಇನ್ನೊಬ್ಬರು ಕೋವಿ ಒಯ್ಯಬಹುದು. ಬಾಯಿಮಾತು ಸಾಲದು. ಒಂದು ಚೀಟಿಯ ಅಂತರ.

ಕೋವಿ ವಾಪಸ್ ಬಂತು. ಕೇಪಿನ ಡಬ್ಬಿ ಬರಲಿಲ್ಲ. ರಸೀದಿ ಇಸ್ಕೊಂಡಿರಲಿಲ್ಲ, ಹಂಗಾಗಿ ಕೇಳೋಕೆ ಬಾಯಿ ಇರಲಿಲ್ಲ.

ಪೊಲೀಸರು ನಿಲ್ಲಿಸಿದಾಗ

ಈಗ ಆ ಹುಡುಗನ ವಿಷಯಕ್ಕೆ ಬರೋಣ. ಕೋವಿ ಹಿಡಿದೋನನ್ನ ನಿಲ್ಲಿಸಿ ಲೈಸೆನ್ಸ್ ತೋರಿಸು ಅಂತ ಕೇಳೋ ಅಧಿಕಾರ ಯಾವ ಪೊಲೀಸ್ ಅಧಿಕಾರಿಗೂ ಐತೆ. ಅದು 19ನೇ ಸೆಕ್ಷನ್. ಅದಕ್ಕೆ ವಾರಂಟ್ ಬೇಕಿಲ್ಲ, ನಮ್ಮ ಮೇಲೆ ಅನುಮಾನವೂ ಬೇಕಿಲ್ಲ. ಆದರೆ ಅದೇ ಸೆಕ್ಷನ್ ಮೆಟ್ಟಿಲು ಮೆಟ್ಟಿಲಾಗಿ ಬರೆದಿರೋದನ್ನ ನೋಡಿ.

ಮೊದಲನೇ ಮೆಟ್ಟಿಲು, ಲೈಸೆನ್ಸ್ ಕೇಳೋದು. ತೋರಿಸಿದರೆ ಆ ಸೆಕ್ಷನ್ನಿನ ಕೆಲಸ ಅಲ್ಲಿಗೆ ಮುಗೀತು.

ಎರಡನೇದು, ತೋರಿಸೋಕೆ ಆಗದಿದ್ದರೆ ಹೆಸರು, ವಿಳಾಸ ಕೇಳಬಹುದು, ಅಗತ್ಯ ಅನಿಸಿದರೆ ಕೋವಿ ವಶಕ್ಕೆ ತಗೋಬಹುದು. ಲೈಸೆನ್ಸ್ ಮನೇಲಿ ಮರೆತು ಬಂದೋನ ಪಾಡು ಈ ಮೆಟ್ಟಿಲಿನದು.

ಮೂರನೇದು, ಹೆಸರು ಹೇಳದಿದ್ದರೆ, ಸುಳ್ಳು ಹೆಸರು ಹೇಳ್ತಿದ್ದಾನೆ ಅಂತ ಅನುಮಾನ ಬಂದರೆ, ಅಥವಾ ತಪ್ಪಿಸಿಕೊಂಡು ಓಡ್ತಾನೆ ಅನಿಸಿದರೆ, ವಾರಂಟ್ ಇಲ್ಲದೆ ಬಂಧಿಸಬಹುದು.

ನಮ್ಮ ಹುಡುಗ ಬೈಕ್ ತಿರುಗಿಸಿದ ಕ್ಷಣಕ್ಕೆ ಮೊದಲನೇ ಮೆಟ್ಟಿಲಿಂದ ಮೂರನೇದಕ್ಕೆ ಹಾರಿಬಿಟ್ಟ. ಮೇಲಿಂದ 20ನೇ ಸೆಕ್ಷನ್ ಬೇರೆ. ಲೈಸೆನ್ಸ್ ಇರಲಿ ಬಿಡಲಿ, ಕೋವಿ ಒಯ್ಯೋ ರೀತಿ ನೋಡಿದರೆ ಕಾನೂನುಬಾಹಿರ ಕೆಲಸಕ್ಕೆ ಅಂತ ಅನುಮಾನಕ್ಕೆ ನ್ಯಾಯವಾದ ಕಾರಣ ಇದ್ದರೆ ಬಂಧಿಸಿ, ಕೋವಿ ತಗೋಬಹುದು. ಬೆಳಗಿನ ಜಾವ, ಹೆಗಲ ಮೇಲೆ ಬಿಚ್ಚು ಕೋವಿ, ಪೊಲೀಸರನ್ನ ಕಂಡು ಓಟ. ಆ ಜಾಗದಲ್ಲಿ ನೀವು ಪೊಲೀಸಾಗಿದ್ದರೆ ಏನು ಅಂದ್ಕೊತಿದ್ದಿರಿ?

ಅವರಪ್ಪನಿಗೆ ನಾನು ಇದನ್ನ ಹಿಂಗೇ ಹೇಳಿದೆ. ಸಮಾಧಾನ ಆಗಲಿ ಅಂತ ಸುಳ್ಳು ಹೇಳಲಿಲ್ಲ. ಆದರೆ ನಮ್ಮ ಕಡೆಯ ಮಾತೂ ಹೇಳಿದೆ. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯೋರಿಗೆ ಸುದ್ದಿ ಕೊಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ವಕೀಲರನ್ನ ಇಟ್ಕೊಳ್ಳೋ ಹಕ್ಕು ಐತೆ. ಇದರಲ್ಲಿ ಬಹಳಷ್ಟು ಸಂವಿಧಾನದ 22ನೇ ವಿಧಿಯಲ್ಲೇ ಐತೆ. 2024ರ ಜುಲೈ 1ರಿಂದ ಬಂದಿರೋ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಐತೆ. ವಶಕ್ಕೆ ತಗೊಂಡ ವಸ್ತುವಿನ ವರದಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು, ಜಪ್ತಿಯ ವಿಡಿಯೋ ಆಗಬೇಕು ಅಂತ ಅದೇ ಸಂಹಿತೆ ಹೇಳ್ತದೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟಿದ್ದ ಅನ್ನೋ 3ನೇ ಸೆಕ್ಷನ್ನಿನ ಅಪರಾಧಕ್ಕೆ ಕೋರ್ಟಿನಲ್ಲಿ ಕೇಸು ನಡೆಸಬೇಕಂದ್ರೆ ಜಿಲ್ಲಾ ಮ್ಯಾಜಿಸ್ಟ್ರೇಟರ, ಅಂದರೆ ಡಿಸಿಯವರ, ಪೂರ್ವಾನುಮತಿ ಬೇಕು. ಅಪ್ಪನ ಲೈಸೆನ್ಸ್, ಅಟ್ಟಣೆಯಲ್ಲಿ ಜ್ವರ, ಎಲ್ಲ ಹೇಳಿಕೊಳ್ಳೋಕೆ ಅಲ್ಲೂ ಒಂದು ಬಾಗಿಲು ಐತೆ. ಚೀಟಿ ಇರಲಿಲ್ಲ ಅನ್ನೋ ತಪ್ಪು ತಪ್ಪೇ, ಆದರೆ ಅದು ಕಳ್ಳತನ ಅಲ್ಲ.

ತಪ್ಪಿನ ತೂಕವೂ ಬೇರೆ ಬೇರೆ. ಲೈಸೆನ್ಸಿನ ಷರತ್ತು ಮೀರಿದರೆ ಆರು ತಿಂಗಳವರೆಗೆ ಜೈಲು ಅಥವಾ 2000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಲೈಸೆನ್ಸೇ ಇಲ್ಲದ ನಾಡಕೋವಿ ಸಿಕ್ಕರೆ 2019ರ ತಿದ್ದುಪಡಿ ಆದಮೇಲೆ ಎರಡರಿಂದ ಐದು ವರ್ಷ. ಮದುವೆ, ಜಾತ್ರೆಯಲ್ಲಿ ಖುಷಿಗೆ ಗಾಳಿಗೆ ಈಡು ಹೊಡೆದು ಬೇರೆಯೋರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ.

ಜಗಳೂರಿನೋರಿಗೆ ಒಂದು ಮಾತು

ನಿಮ್ಮ ಕಡೆ ಪೊಲೀಸರ ಜೊತೆಗೆ ಇನ್ನೊಂದು ಇಲಾಖೆ ಸೇರ್ತದೆ. ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿ ವನ್ಯಧಾಮ ಆಯ್ತು. 1972ರ ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ವನ್ಯಧಾಮದ ಒಳಗೆ ಮತ್ತು ಅದರಿಂದ ಹತ್ತು ಕಿಲೋಮೀಟರ್ ಒಳಗೆ ವಾಸ ಇರೋ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿ ಹೊಸ ಲೈಸೆನ್ಸ್ ಬೇಕಂದ್ರೆ ಮುಖ್ಯ ವನ್ಯಜೀವಿ ವಾರ್ಡನ್ನರ ಒಪ್ಪಿಗೆ ಮೊದಲು ಬೇಕು. ಅನುಮತಿ ಇಲ್ಲದೆ ಕೋವಿ ಹಿಡಿದು ವನ್ಯಧಾಮದೊಳಗೆ ಕಾಲಿಡಂಗಿಲ್ಲ, ಅಡ್ಡದಾರಿ ಹತ್ತಿರ ಆಗ್ತದೆ ಅಂತಲೂ ಇಲ್ಲ.

ಎಲ್ಲ ತಾಲ್ಲೂಕಿನೋರಿಗೂ ಅನ್ವಯಿಸೋ ಮಾತು: ಬೆಳೆ ರಕ್ಷಣೆ ಲೈಸೆನ್ಸ್ ಅಂದರೆ ಹಂದಿ ಕೊಲ್ಲೋ ಲೈಸೆನ್ಸ್ ಅಲ್ಲ. ಕಾಡುಹಂದಿ ಈಗ ಆ ಕಾಯ್ದೆಯ ಎರಡನೇ ಪಟ್ಟಿಯಲ್ಲಿ ಐತೆ. ನಿಂತ ಬೆಳೆಗೆ ಅಪಾಯ ಅಂತ ಅಧಿಕಾರ ಇರೋ ಅಧಿಕಾರಿ ಬರವಣಿಗೆಯಲ್ಲಿ ಅನುಮತಿ ಕೊಟ್ಟರೆ ಮಾತ್ರ ಹೊಡೀಬಹುದು. ಕರಡಿಯೋ ಚಿರತೆಯೋ ಮೈಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳೋಕೆ ಒಳ್ಳೇ ಮನಸ್ಸಿಂದ ಮಾಡಿದ್ದು ಅಪರಾಧ ಅಲ್ಲ, ಅದು ಬೇರೆ. ಕರೆಂಟ್ ತಂತಿ, ಸಿಡಿಮದ್ದಿನ ಉಂಡೆ ಇವುಗಳ ಸುದ್ದಿಗಂತೂ ಹೋಗಲೇಬೇಡಿ. ಅದರಲ್ಲಿ ಸಾಯೋದು ಹಂದಿ ಮಾತ್ರ ಅಲ್ಲ, ನಮ್ಮ ದನ, ನಮ್ಮ ಮಕ್ಕಳು.

ಚುನಾವಣೆ ಬಂದಾಗ

ಚುನಾವಣೆ ಘೋಷಣೆ ಆಯ್ತು ಅಂದ್ರೆ ಠಾಣೆಯಿಂದ ಫೋನು: ಕೋವಿ ತಂದು ಇಡಿ. ಚುನಾವಣಾ ಆಯೋಗದ ಸೂಚನೆಯಲ್ಲಿ ಇರೋದು, ಜಿಲ್ಲೆಯಲ್ಲಿ ಒಂದು ಪರಿಶೀಲನಾ ಸಮಿತಿ ಕೂತು ಲೈಸೆನ್ಸುಗಳನ್ನ ನೋಡಬೇಕು. ಜಾಮೀನಿನ ಮೇಲಿರೋರು, ಅಪರಾಧದ ಹಿನ್ನೆಲೆಯೋರು, ಹಿಂದೆ ಗಲಾಟೆಯಲ್ಲಿ ಇದ್ದೋರು ಇಂಥವರನ್ನ ಮುಖ್ಯವಾಗಿ ಗಮನಿಸಬೇಕು ಅಂತ. ಹೊಲದಲ್ಲಿ ಬೆಳೆ ನಿಂತಿದ್ದರೆ ವಿನಾಯಿತಿ ಕೊಡಿ ಅಂತ ಆ ಸಮಿತಿಗೆ ಮೊದಲೇ ಅರ್ಜಿ ಬರೆಯೋದರಲ್ಲಿ ತಪ್ಪಿಲ್ಲ. ಪಹಣಿ, ಬೆಳೆ ಫೋಟೋ, ಹಂದಿ ನಷ್ಟಕ್ಕೆ ಪರಿಹಾರ ಕೇಳಿದ ಅರ್ಜಿ ಇದ್ದರೆ ಅದರ ನಕಲು ಜೊತೆಗಿಡಿ. ಆದೇಶ ಬಂದರೆ ಮಾತ್ರ ಒಪ್ಪಿಸಲೇಬೇಕು. ಒಪ್ಪಿಸಿದ ಮೇಲೆ ರಸೀದಿ ಇಲ್ಲದೆ ಠಾಣೆಯ ಮೆಟ್ಟಿಲು ಇಳೀಬೇಡಿ.

ನಾನು ಕಳ್ಕೊಂಡಿದ್ದು

ಕೊನೆಗೆ ಹೇಳಲೇಬೇಕಾದ್ದು. ನಮ್ಮಪ್ಪ 2011ರಲ್ಲಿ ತೀರಿಕೊಂಡರು. ಲೈಸೆನ್ಸುದಾರ ಸತ್ತರೆ ಕೋವಿ ಮನೆಯಲ್ಲಿ ಇಡಂಗಿಲ್ಲ, ತಡಮಾಡದೆ ಠಾಣೆಗೋ ಲೈಸೆನ್ಸ್ ಇರೋ ಬಂದೂಕಿನ ಅಂಗಡಿಗೋ ಒಪ್ಪಿಸಿ, ವಾರಸುದಾರ ತನ್ನ ಹೆಸರಿಗೆ ಲೈಸೆನ್ಸ್ ಕೇಳಬೇಕು. ಅಪ್ಪ ಅಜ್ಜನ ಕಾಲಕ್ಕೆ ನಾಲ್ಕು ಸಲ ಅಲೆದು ಇದನ್ನೇ ಮಾಡಿದ್ದರು. ನಾನು ತಿಥಿ, ಸಾಲ, ಪೌತಿ ಖಾತೆ ಅಂತ ಓಡಾಡಿಕೊಂಡು, ಕೋವಿಯನ್ನ ಠಾಣೆಗೆ ಒಪ್ಪಿಸಿದೆ, ಲೈಸೆನ್ಸಿನ ಅರ್ಜಿ "ಬರೋ ವರ್ಷ ಹಾಕೋಣ" ಅಂತ ಬಿಟ್ಟೆ. ಆ ಬರೋ ವರ್ಷ ಬರಲೇ ಇಲ್ಲ. ಗಡುವಿನೊಳಗೆ ಬಿಡಿಸಿಕೊಳ್ಳದ ಕೋವಿ ಸರ್ಕಾರದ ಪಾಲು ಅಂತ ಕಾಯ್ದೆಯಲ್ಲೇ ಐತೆ. ಹೋಯ್ತು. ಅಜ್ಜ ಮದ್ದು ತುಂಬಿ ತುಂಬಿ ನುಣ್ಣಗಾಗಿದ್ದ ಗಜದ ಕೋಲು ಮಾತ್ರ ನಮ್ಮನೆ ಜಂತೆಯಲ್ಲಿ ಇನ್ನೂ ಸಿಕ್ಕಿಸಿದಂಗೇ ಐತೆ. ಇದರಲ್ಲಿ ಯಾವ ಪೊಲೀಸರದೂ ತಪ್ಪಿಲ್ಲ, ನನ್ನದೇ.

ಹಲಗಲಿಯೋರು ಆಯುಧಕ್ಕೆ ಪ್ರಾಣ ಕೊಟ್ಟರು. ನಾನು ಒಂದು ಅರ್ಜಿ ಬರೆಯೋಕೆ ಸೋಮಾರಿತನ ಮಾಡಿ ಕಳ್ಕೊಂಡೆ. ಇದನ್ನ ಬರೆಯೋಕೆ ನಾಚಿಕೆ ಆಗ್ತದೆ, ಆದರೂ ಬರೀತಿದ್ದೀನಿ.

ಕೋವಿ ಇರೋರು ಈ ವಾರ ಇಷ್ಟು ಮಾಡಿ. ಲೈಸೆನ್ಸ್ ಪುಸ್ತಕ ತೆಗೆದು ಅವಧಿ ಎಂದಿಗೆ ಮುಗೀತದೆ ನೋಡಿ. 2019ರ ತಿದ್ದುಪಡಿ ಆದಮೇಲೆ ಅವಧಿ ಐದು ವರ್ಷ, ಹಳೇ ಪುಸ್ತಕ ಮೂರು ವರ್ಷದ್ದಿರಬಹುದು. ಯುಐಎನ್ ನಂಬರ್ ಬಿದ್ದಿದೆಯಾ ನೋಡಿ. ಕೋವಿ ಒಯ್ಯೋ ಜಾಗದ ಮಿತಿ ಏನು ಬರೆದಿದೆ ಓದಿ. ಒಯ್ಯುವಾಗ ಮದ್ದು ತುಂಬಿರಬಾರದು, ಚೀಲದೊಳಗೆ ಮುಚ್ಚಿರಬೇಕು. ಮಗನ ಕೈಲಿ ಕಳಿಸಲೇಬೇಕಾದ್ರೆ, ಯಾವುದಕ್ಕೆ, ಎಲ್ಲಿಂದ ಎಲ್ಲಿಗೆ, ಯಾವ ತಾರೀಖು ಅಂತ ಬರೆದು ಸೈನ್ ಹಾಕಿ, ಲೈಸೆನ್ಸ್ ಜೊತೆಗೆ ಕೊಡಿ. ಪೊಲೀಸರು ಕೈ ತೋರಿಸಿದರೆ ಗಾಡಿ ನಿಲ್ಲಿಸಿ, ಕೈ ಕೋವಿಯಿಂದ ದೂರ ಇಡಿ, "ಸಾರ್, ಚೀಲದಲ್ಲಿ ಕೋವಿ ಐತೆ, ಖಾಲಿ ಐತೆ, ಲೈಸೆನ್ಸ್ ಜೇಬಲ್ಲಿ ಐತೆ" ಅಂತ ಮೊದಲು ಬಾಯಲ್ಲಿ ಹೇಳಿ, ಆಮೇಲೆ ಜೇಬಿಗೆ ಕೈ ಹಾಕಿ. ಕೋವಿ ತಗೊಂಡರೆ ವಾದ ಬೇಡ, ಜಪ್ತಿ ಪಟ್ಟಿಯ ನಕಲು ಕೇಳಿ. ಅದರಲ್ಲಿ ಕೋವಿ ನಂಬರ್ ಜೊತೆಗೆ ಕೇಪಿನ ಡಬ್ಬಿಯೂ ಬರೆದಿರಲಿ.

ಆ ಹುಡುಗನಿಗೆ ಜಾಮೀನಾಗಿದೆ. ಕೋವಿ ಇನ್ನೂ ಬಂದಿಲ್ಲ, ಕೋರ್ಟಿಗೆ ಅರ್ಜಿ ಹಾಕ್ತಿದ್ದಾರೆ. ಅವರ ಎರಡೂವರೆ ಎಕರೆ ಜೋಳಕ್ಕೆ ಈ ತಿಂಗಳು ಕಾವಲು ಬೇಕು. ನಮ್ಮೂರಿನ ನಾಲ್ಕು ಜನ ಸರದಿ ಮಾಡ್ಕೊಂಡಿದ್ದೀವಿ, ತಟ್ಟೆ, ಬ್ಯಾಟರಿ ಹಿಡ್ಕೊಂಡು. ಇವತ್ತು ರಾತ್ರಿ ನನ್ನ ಪಾಳಿ, ಹೊರಡ್ತೀನಿ.